ಶಾಲೆಯ ಬಾಗಿಲಿಗೆ ಬಂದ ಭಯ: ಕೊಯಮತ್ತೂರು ಸೀಮೆಯಿಂದ ನಾವು ಕಲಿಯಬೇಕಾದ ಪಾಠ

1956ರ ನವೆಂಬರ್ 1 ನಮ್ಮ ಗಡಿನಾಡಿನವರು ಮರೆಯಲಾಗದ ದಿನ. ಅಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅದೇ ದಿನ ಮದರಾಸು ರಾಜ್ಯದ ಇನ್ನೊಂದು ಮೂಲೆಯಲ್ಲಿ ಇದಕ್ಕೆ ತೀರಾ ವಿರುದ್ಧವಾದುದು ನಡೆಯಿತು. ಅದುವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ತಾಲೂಕು ಮೈಸೂರು ರಾಜ್ಯಕ್ಕೆ ಬಂತು. ನಾವು ಹೊರಗುಳಿದೆವು, ಅವರು ಒಳಗಾದರು. ಆದರೆ ಗೆರೆ ಎಳೆದ ಮಾತ್ರಕ್ಕೆ ಕೊಯಮತ್ತೂರಿನಲ್ಲಿ ಕನ್ನಡ ಮುಗಿದುಹೋಗಲಿಲ್ಲ. ಅಲ್ಲಿಯ ದೇವಾಂಗ ನೇಕಾರರ ಕೇರಿಗಳಲ್ಲಿ, ಒಕ್ಕಲಿಗರ ಮನೆಗಳಲ್ಲಿ ಇಂದಿಗೂ ಅಡುಗೆಮನೆಯ ಮಾತು ಕನ್ನಡವೇ. 2009ರಲ್ಲಿ ಕೊಯಮತ್ತೂರು ಹಾಗೂ ಈರೋಡು ಜಿಲ್ಲೆಗಳ ಭಾಗಗಳನ್ನು ಕೂಡಿಸಿ ತಿರುಪ್ಪೂರು ಜಿಲ್ಲೆಯಾದಾಗ ಈ ಮನೆಗಳು ಎರಡು ಜಿಲ್ಲೆಗಳಿಗೆ ಹಂಚಿಹೋದವು. ಮಾತು ಕನ್ನಡವಾದರೂ ಅವರಲ್ಲಿ ಹೆಚ್ಚಿನವರು ಓದುವುದು, ಬರೆಯುವುದು ತಮಿಳಿನಲ್ಲಿ. ಮಕ್ಕಳು ಕಲಿಯುವುದು ತಮಿಳಿನಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ.

ಮನೆಗೆ ಒಂದು ಭಾಷೆ, ಶಾಲೆಗೆ ಇನ್ನೊಂದು ಭಾಷೆ ಎಂಬ ಈ ಸ್ಥಿತಿಯನ್ನು ನಾವು ಇದುವರೆಗೆ ಸಂಸ್ಕೃತಿಯ ಪ್ರಶ್ನೆಯಾಗಿ, ಉದ್ಯೋಗದ ಪ್ರಶ್ನೆಯಾಗಿ, ಹಕ್ಕಿನ ಪ್ರಶ್ನೆಯಾಗಿ ಚರ್ಚಿಸಿದ್ದೇವೆ. ಅದು ಮಕ್ಕಳ ಪ್ರಾಣದ ಪ್ರಶ್ನೆಯೂ ಆಗಬಲ್ಲುದು ಎಂಬುದನ್ನು ಚರ್ಚಿಸಿದ್ದು ಕಡಿಮೆ. ಶಾಲೆಗಳಲ್ಲಿ ನಡೆದ ಹಿಂಸೆಯ ಚರಿತ್ರೆಯನ್ನು ಸ್ವಲ್ಪ ಗಮನವಿಟ್ಟು ಓದಿದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಅನಾಹುತ ಸೂಚನೆ ಕೊಡದೆ ಬರುವುದು ಅಪರೂಪ. ಸೂಚನೆಯನ್ನು ಯಾರೋ ಒಬ್ಬರು ಕಂಡಿರುತ್ತಾರೆ. ಕಂಡವರ ಮಾತು ಕೇಳಬೇಕಾದವರ ಕಿವಿಗೆ ತಲಪಿರುವುದಿಲ್ಲ. ಈ ಲೇಖನದ ಉದ್ದೇಶ ಅದನ್ನು ಉದಾಹರಣೆಗಳೊಂದಿಗೆ ತೋರಿಸುವುದು, ಭಯ ಹುಟ್ಟಿಸುವುದಲ್ಲ.

ಅಪಾಯದ ಮೂರು ಬಗೆ

ಶಾಲೆಗೆ ಬರುವ ಅಪಾಯಗಳನ್ನು ಅನುಕೂಲಕ್ಕಾಗಿ ಮೂರಾಗಿ ವಿಂಗಡಿಸಬಹುದು. ಹೊರಗಿನಿಂದ ಬರುವುದು ಒಂದು, ಕಟ್ಟಡದಿಂದಲೇ ಬರುವುದು ಇನ್ನೊಂದು, ಶಾಲೆಯ ಒಳಗಿನವರಿಂದ ಬರುವುದು ಮೂರನೆಯದು.

ಹೊರಗಿನ ಅಪಾಯ ಏನೆಂದು ಕೊಯಮತ್ತೂರಿಗೆ ಹೇಳಿಕೊಡಬೇಕಾಗಿಲ್ಲ. 1998ರ ಫೆಬ್ರವರಿ 14ರಂದು ಆ ನಗರದಲ್ಲಿ ಒಂದರ ಮೇಲೊಂದರಂತೆ ಬಾಂಬುಗಳು ಸಿಡಿದು 58 ಮಂದಿ ಸತ್ತರು, 200ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಅದು ಶಾಲೆಯ ಮೇಲೆ ನಡೆದುದಲ್ಲವಾದರೂ ಒಂದಿಡೀ ತಲೆಮಾರಿನ ಹೆತ್ತವರು ಮಕ್ಕಳನ್ನು ಬೀದಿಗೆ ಕಳುಹಿಸುವಾಗ ಎರಡು ಸಲ ಯೋಚಿಸುವಂತೆ ಮಾಡಿತು.

ಶಾಲೆಗೆ ನೇರವಾಗಿ ಸಂಬಂಧಪಟ್ಟ ದುರಂತ ನಡೆದುದು 2010ರ ಅಕ್ಟೋಬರ್ 29ರಂದು. ಕೊಯಮತ್ತೂರಿನ ವ್ಯಾಪಾರಿ ಕುಟುಂಬವೊಂದರ ಅಕ್ಕ ತಮ್ಮ ಬೆಳಿಗ್ಗೆ ಶಾಲೆಗೆ ಹೊರಟಿದ್ದರು. ಅಕ್ಕನಿಗೆ ಹತ್ತು ವರ್ಷ, ತಮ್ಮನಿಗೆ ಏಳು. ಅವರನ್ನು ವಾಹನಕ್ಕೆ ಹತ್ತಿಸಿಕೊಂಡವನು ಅಪರಿಚಿತನಲ್ಲ, ಹಿಂದೆ ಅವರನ್ನು ಶಾಲೆಗೆ ಕರೆದೊಯ್ಯುತ್ತಿದ್ದ ಚಾಲಕನೇ. ಮಕ್ಕಳ ಶವಗಳು ಸಿಕ್ಕಿದುದು ಪರಂಬಿಕುಳಂ–ಆಳಿಯಾರ್ ಯೋಜನೆಯ ಕಾಲುವೆಯಲ್ಲಿ. ಚಾಲಕನು ನವೆಂಬರ್ 9ರಂದು ಪೊಲೀಸರ ಗುಂಡಿಗೆ ಬಲಿಯಾದನು. ಎರಡನೆಯ ಆರೋಪಿಗೆ ವಿಚಾರಣಾ ನ್ಯಾಯಾಲಯವು ವಿಧಿಸಿದ ಮರಣದಂಡನೆಯನ್ನು ಸುಪ್ರೀಂ ಕೋರ್ಟು 2019ರಲ್ಲಿ ಎತ್ತಿಹಿಡಿಯಿತು.

ಶಿಕ್ಷೆಯ ವಿಚಾರ ಹಾಗಿರಲಿ. ನಾವು ನೋಡಬೇಕಾದುದು ಬೇರೆಯೇ ಇದೆ. "ಗುರುತಿಲ್ಲದವರ ಜೊತೆ ಹೋಗಬೇಡ" ಎಂದು ಎಲ್ಲ ಮನೆಗಳಲ್ಲೂ ಮಕ್ಕಳಿಗೆ ಕಲಿಸುತ್ತೇವೆ. ಆ ಮಕ್ಕಳು ಗುರುತಿಲ್ಲದವರ ಜೊತೆ ಹೋಗಿರಲಿಲ್ಲ. ಗುರುತಿದ್ದವನು ಈಗ ಆ ಕೆಲಸದಲ್ಲಿಲ್ಲ, ಅವನ ವಾಹನ ಹತ್ತಬಾರದು ಎಂಬಷ್ಟು ಸಣ್ಣ ಸುದ್ದಿ ಒಂದು ಮಗುವಿನ ಮನಸ್ಸಿಗೆ ಗಟ್ಟಿಯಾಗಿ ಮುಟ್ಟಿದ್ದರೆ ಎಷ್ಟು ದೊಡ್ಡ ರಕ್ಷಣೆಯಾದೀತು ಎಂಬುದನ್ನು ಈ ಪ್ರಕರಣ ತೋರಿಸುತ್ತದೆ. ಚಾಲಕ ಬದಲಾದಾಗ ಶಾಲೆ ಮನೆಗೆ ತಿಳಿಸಬೇಕು, ಮನೆಯವರು ಮಗುವಿಗೆ ತಿಳಿಸಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಸಾಕು. ತಮಿಳುನಾಡು ಸರಕಾರವು 2012ರಲ್ಲಿ ಶಾಲಾ ವಾಹನಗಳಿಗಾಗಿ ಪ್ರತ್ಯೇಕ ನಿಯಮಗಳನ್ನು ತಂದಿತು. ಆದರೆ ನಿಯಮ ವಾಹನವನ್ನು ಕಾಯಬಲ್ಲುದು, ಸುದ್ದಿಯನ್ನು ಮುಟ್ಟಿಸುವುದು ಮನುಷ್ಯರ ಕೆಲಸ.

ಎರಡನೆಯ ಬಗೆಗೆ ಕುಂಭಕೋಣದ ಹೆಸರು ಹೇಳಿದರೆ ಸಾಕು. 2004ರ ಜುಲೈ 16ರಂದು ಅಲ್ಲಿಯ ಶಾಲೆಯೊಂದರ ಮಧ್ಯಾಹ್ನದ ಊಟದ ಅಡುಗೆಮನೆಯಲ್ಲಿ ಹೊತ್ತಿದ ಬೆಂಕಿ ಮೇಲಿನ ಮಾಳಿಗೆಯ ಹುಲ್ಲಿನ ಮಾಡಿಗೆ ಹಬ್ಬಿ 94 ಮಕ್ಕಳು ಸುಟ್ಟುಹೋದರು. ಹುಲ್ಲಿನ ಮಾಡು, ಇಕ್ಕಟ್ಟಾದ ಮೆಟ್ಟಿಲು, ಒಂದೇ ಆವರಣದಲ್ಲಿ ತುಂಬಿದ ಶಾಲೆಗಳು, ಇವೆಲ್ಲ ಎಲ್ಲರ ಕಣ್ಣಿಗೂ ದಿನವೂ ಬೀಳುತ್ತಿದ್ದ ಸಂಗತಿಗಳೇ. ಆ ದುರಂತದ ಹಿನ್ನೆಲೆಯಲ್ಲಿ ಬಂದ ಅರ್ಜಿಯೊಂದರ ಮೇಲೆ 2009ರಲ್ಲಿ ಸುಪ್ರೀಂ ಕೋರ್ಟು, ಶಿಕ್ಷಣದ ಹಕ್ಕೆಂದರೆ ಸುರಕ್ಷಿತವಾದ ಶಾಲೆಯಲ್ಲಿ ಕಲಿಯುವ ಹಕ್ಕು ಎಂದು ಹೇಳಿತು.

ಹೊರಗಿನ ಅಪಾಯಕ್ಕೆ ಗೋಡೆ, ಗೇಟು, ಕಾವಲುಗಾರ ಇದ್ದಾರೆ. ಪಾಕಿಸ್ತಾನದ ಪೇಶಾವರದಲ್ಲಿ 2014ರ ಡಿಸೆಂಬರ್ 16ರಂದು ಭಯೋತ್ಪಾದಕರು ಶಾಲೆಗೆ ನುಗ್ಗಿ 130ಕ್ಕೂ ಹೆಚ್ಚು ಮಕ್ಕಳನ್ನು ಕೊಂದ ಬಳಿಕ ನಮ್ಮ ಕೇಂದ್ರ ಸರಕಾರವೂ ಶಾಲೆಗಳ ಭದ್ರತೆಗೆ ಮಾರ್ಗಸೂಚಿ ಕೊಟ್ಟಿತು. ಕಟ್ಟಡದ ಅಪಾಯಕ್ಕೆ ಪರವಾನಿಗೆ, ತಪಾಸಣೆ ಇವೆ. ಮೂರನೆಯ ಬಗೆಗೆ ಈ ಯಾವುದೂ ಸಾಲದು. ಏಕೆಂದರೆ ಒಳಗಿನವನು ಗೇಟಿನ ಮೂಲಕವೇ, ಸಮವಸ್ತ್ರ ತೊಟ್ಟು, ಹಾಜರಿ ಹೇಳಿ ಒಳಗೆ ಬಂದಿರುತ್ತಾನೆ.

ಚೀಲದೊಳಗಿನ ಆಯುಧ

ಅಮೆರಿಕದಲ್ಲಿ ಶಾಲೆಯೊಳಗಿನ ಗುಂಡು ಹಾರಾಟ ಒಂದು ದೊಡ್ಡ ಪಿಡುಗು. ನಮ್ಮಲ್ಲಿ ಅದು ಅಪರೂಪ. ಆದರೆ ಇಲ್ಲವೇ ಇಲ್ಲ ಎನ್ನುವ ಕಾಲ ಕಳೆದುಹೋಗಿದೆ. 2007ರ ಡಿಸೆಂಬರ್ 11ರಂದು ದೆಹಲಿಯ ಪಕ್ಕದ ಗುರುಗಾಂವದ ಖಾಸಗಿ ಶಾಲೆಯೊಂದರಲ್ಲಿ ಎಂಟನೆಯ ತರಗತಿಯ ಹುಡುಗನನ್ನು ಇಬ್ಬರು ಸಹಪಾಠಿಗಳು ಗುಂಡಿಕ್ಕಿ ಕೊಂದರು. ಪಿಸ್ತೂಲು ಅವರಲ್ಲೊಬ್ಬನ ತಂದೆಯದು. 2018ರ ಜನವರಿ 20ರಂದು ಹರಿಯಾಣದ ಯಮುನಾನಗರದಲ್ಲಿ ಹನ್ನೆರಡನೆಯ ತರಗತಿಯ ವಿದ್ಯಾರ್ಥಿ ತನ್ನ ಶಾಲೆಯ ಪ್ರಾಂಶುಪಾಲರನ್ನು ಕೊಂದನು. ರಿವಾಲ್ವರು ಅವನ ತಂದೆಯದು. 2025ರ ಆಗಸ್ಟಿನಲ್ಲಿ ಉತ್ತರಾಖಂಡದ ಕಾಶೀಪುರದಲ್ಲಿ ಒಂಬತ್ತನೆಯ ತರಗತಿಯ ಹುಡುಗ ತನಗೆ ಹೊಡೆದ ಅಧ್ಯಾಪಕರ ಮೇಲೆ ಗುಂಡು ಹಾರಿಸಿದನು; ನಾಡ ಪಿಸ್ತೂಲನ್ನು ಊಟದ ಡಬ್ಬಿಯಲ್ಲಿಟ್ಟು ತಂದಿದ್ದನೆಂದು ವರದಿಯಾಯಿತು.

ಇದೆಲ್ಲ ಉತ್ತರದವರ ವಿಷಯ ಎಂದು ನಾವು ಸಮಾಧಾನ ಪಡುವಂತಿಲ್ಲ. 2015ರ ಮಾರ್ಚ್ 31ರ ರಾತ್ರಿ ಬೆಂಗಳೂರಿನ ಕಾಡುಗೋಡಿಯ ವಿದ್ಯಾಸಂಸ್ಥೆಯೊಂದರ ಹಾಸ್ಟೆಲಿನಲ್ಲಿ ಪಿ.ಯು.ಸಿ. ಓದುತ್ತಿದ್ದ ಹುಡುಗಿಯೊಬ್ಬಳು ಗುಂಡಿಗೆ ಬಲಿಯಾದಳು, ಇನ್ನೊಬ್ಬಳು ಗಾಯಗೊಂಡಳು. ಪೊಲೀಸರು ಬಂಧಿಸಿದುದು ಅದೇ ಸಂಸ್ಥೆಯ ಸಹಾಯಕ ನೌಕರನನ್ನು. ದೂರದೂರಿನಿಂದ ಮಕ್ಕಳನ್ನು ಓದಿಗಾಗಿ ಬೆಂಗಳೂರಿಗೆ ಕಳುಹಿಸಿ, ಹಾಸ್ಟೆಲಿಗೆ ಗೋಡೆಯಿದೆ, ಕಾವಲುಗಾರನಿದ್ದಾನೆ ಎಂದು ನೆಮ್ಮದಿಯಿಂದಿದ್ದ ಎಷ್ಟೋ ಹೆತ್ತವರ ನಿದ್ದೆಯನ್ನು ಆ ರಾತ್ರಿ ಕೆಡಿಸಿತು.

ತಮಿಳುನಾಡಿನ ಶಾಲೆಗಳಲ್ಲಿ ಕಾಣಿಸಿಕೊಂಡುದು ಕೋವಿಯಲ್ಲ, ಕತ್ತಿ. 2012ರ ಫೆಬ್ರವರಿ 9ರಂದು ಚೆನ್ನೈಯ ಶಾಲೆಯೊಂದರ ತರಗತಿಯೊಳಗೇ ಒಂಬತ್ತನೆಯ ತರಗತಿಯ ಹುಡುಗ ತನ್ನ ಅಧ್ಯಾಪಿಕೆಯನ್ನು ಇರಿದು ಕೊಂದನು. ಅವನ ಕಲಿಕೆ ಸಾಲದು ಎಂದು ಅವರು ಶಾಲಾ ಡೈರಿಯಲ್ಲಿ ಬರೆದು ಮನೆಗೆ ಕಳುಹಿಸಿದ್ದರು. 2025ರ ಏಪ್ರಿಲಿನಲ್ಲಿ ತಿರುನಲ್ವೇಲಿಯ ಪಾಳಯಂಕೋಟೆಯಲ್ಲಿ ಎಂಟನೆಯ ತರಗತಿಯ ಹುಡುಗ ಚೀಲದಲ್ಲಿ ಕತ್ತಿ ತಂದು ಸಹಪಾಠಿಯನ್ನು ಕಡಿದನು. ತಡೆಯಹೋದ ಅಧ್ಯಾಪಿಕೆಗೂ ಗಾಯವಾಯಿತು. ಜಗಳದ ಮೂಲ ಒಂದು ಪೆನ್ಸಿಲು ಎಂದು ಪತ್ರಿಕೆಗಳು ಬರೆದವು. ಪೆನ್ಸಿಲಿನಿಂದ ಕತ್ತಿಯವರೆಗೆ ಒಂದೇ ನೆಗೆತದಲ್ಲಿ ಯಾವ ಮಗುವೂ ಹೋಗುವುದಿಲ್ಲ. ನಡುವೆ ದಿನಗಳಿರುತ್ತವೆ, ಮಾತುಗಳಿರುತ್ತವೆ, ಪಕ್ಕದಲ್ಲಿ ಕುಳಿತವರಿರುತ್ತಾರೆ.

ಕಂಡವರು ಎಷ್ಟು ಮಂದಿ?

ಈ ನಡುವಿನ ದಿನಗಳನ್ನು ಮೊದಲು ಕ್ರಮಬದ್ಧವಾಗಿ ಅಭ್ಯಸಿಸಿದುದು ಅಮೆರಿಕದಲ್ಲಿ. 1999ರ ಏಪ್ರಿಲ್ 20ರಂದು ಕೊಲೊರಾಡೊ ರಾಜ್ಯದ ಕೊಲಂಬೈನ್ ಹೈಸ್ಕೂಲಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಹನ್ನೆರಡು ಮಂದಿ ವಿದ್ಯಾರ್ಥಿಗಳನ್ನೂ ಒಬ್ಬ ಅಧ್ಯಾಪಕರನ್ನೂ ಕೊಂದು ತಾವೂ ಸತ್ತರು. ಬಳಿಕ ಅಲ್ಲಿಯ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ ಜೊತೆಯಾಗಿ 1974ರಿಂದ 2000ದವರೆಗಿನ 37 ಘಟನೆಗಳನ್ನು, 41 ದಾಳಿಕಾರರನ್ನು ಪರಿಶೀಲಿಸಿ 2002ರಲ್ಲಿ ವರದಿ ಹೊರಡಿಸಿದವು. ಅಧ್ಯಕ್ಷರ ಪ್ರಾಣರಕ್ಷಣೆ ಸೀಕ್ರೆಟ್ ಸರ್ವಿಸಿನ ಕೆಲಸ. ಕೊಲೆಗೆ ಹೊರಟವನು ಮೊದಲು ಹೇಗೆ ನಡೆದುಕೊಳ್ಳುತ್ತಾನೆ ಎಂಬುದನ್ನು ಅಭ್ಯಸಿಸಿದ ಅನುಭವ ಅವರಿಗಿತ್ತು.

ಆ ವರದಿಯ ಮುಖ್ಯಾಂಶಗಳು ಯೋಚನೆಗೆ ಹಚ್ಚುವಂಥವು. ಘಟನೆಗಳಲ್ಲಿ ಶೇಕಡಾ 81ರಲ್ಲಿ ದಾಳಿಯ ಯೋಚನೆ ಕಡಿಮೆಪಕ್ಷ ಇನ್ನೊಬ್ಬರಿಗಾದರೂ ಮೊದಲೇ ತಿಳಿದಿತ್ತು. ತಿಳಿದವರು ಹೆಚ್ಚಾಗಿ ಓರಗೆಯ ಮಕ್ಕಳೇ, ದೊಡ್ಡವರಲ್ಲ. ಶೇಕಡಾ 93 ದಾಳಿಕಾರರು ಇತರರಿಗೆ ಆತಂಕವಾಗುವಂತೆ ಮೊದಲೇ ನಡೆದುಕೊಂಡಿದ್ದರು. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚಿನವರು ತಮಗೆ ಇತರರು ಕಾಟ ಕೊಡುತ್ತಿದ್ದಾರೆಂದು ನೊಂದಿದ್ದರು. ಅಷ್ಟೇ ಪ್ರಮಾಣದವರು ಕೋವಿಯನ್ನು ಪಡೆದುದು ಸ್ವಂತ ಮನೆಯಿಂದ ಅಥವಾ ನೆಂಟರ ಮನೆಯಿಂದ. ಎಲ್ಲಕ್ಕಿಂತ ಮುಖ್ಯವಾಗಿ, "ಇಂಥ ಮಗುವೇ ಹೀಗೆ ಮಾಡುವುದು" ಎಂದು ಗುರುತಿಸಬಹುದಾದ ಒಂದು ಮುಖಲಕ್ಷಣ ಇಲ್ಲ ಎಂದು ಆ ವರದಿ ಹೇಳಿತು. ಜಾಣರಿದ್ದರು, ದಡ್ಡರಿದ್ದರು, ಒಂಟಿಗಳಿದ್ದರು, ಗೆಳೆಯರ ಗುಂಪಿನಲ್ಲಿದ್ದವರೂ ಇದ್ದರು. ಆದುದರಿಂದ ನೋಡಬೇಕಾದುದು ಮಗು ಯಾವ ಬಗೆಯದು ಎಂಬುದನ್ನಲ್ಲ, ಅದು ಈಗ ಏನು ಹೇಳುತ್ತಿದೆ, ಏನು ಮಾಡುತ್ತಿದೆ ಎಂಬುದನ್ನು.

ಕಂಡು, ಕರೆದು, ಮಾತಾಡಿಯೂ ಕೈತಪ್ಪಿದ ಉದಾಹರಣೆಯೂ ಇದೆ. 2021ರ ನವೆಂಬರ್ 30ರ ಬೆಳಿಗ್ಗೆ ಮಿಷಿಗನ್ ರಾಜ್ಯದ ಆಕ್ಸ್‌ಫರ್ಡ್ ಎಂಬಲ್ಲಿ ಒಬ್ಬ ಹುಡುಗನ ಗಣಿತದ ಹಾಳೆಯ ಮೇಲೆ ಕೋವಿಯ ಚಿತ್ರವನ್ನು ಅಧ್ಯಾಪಿಕೆ ಕಂಡರು. ಜೊತೆಗೆ ಸಹಾಯ ಬೇಡುವ ಮಾತುಗಳೂ ಇದ್ದವು. ಶಾಲೆಯವರು ಹೆತ್ತವರನ್ನು ಕರೆಸಿದರು. ಹೆತ್ತವರು ಮಗನನ್ನು ಮನೆಗೆ ಕರೆದೊಯ್ಯಲಿಲ್ಲ, ಕೆಲವೇ ದಿನಗಳ ಹಿಂದೆ ಕೋವಿ ಕೊಂಡದ್ದನ್ನು ಹೇಳಲಿಲ್ಲ. ಶಾಲೆಯವರು ಅವನ ಚೀಲ ನೋಡಲಿಲ್ಲ. ಒಂದೆರಡು ಗಂಟೆಗಳಲ್ಲಿ ನಾಲ್ವರು ವಿದ್ಯಾರ್ಥಿಗಳು ಅವನ ಗುಂಡಿಗೆ ಬಲಿಯಾದರು. 2024ರಲ್ಲಿ ನ್ಯಾಯಾಲಯ ಆ ತಂದೆ ತಾಯಿಗಳಿಗೂ ಸೆರೆಮನೆ ವಾಸ ವಿಧಿಸಿತು. ಅಲ್ಲಿ ಸೂಚನೆ ಒಂದೇ ಕಡೆ ಇರಲಿಲ್ಲ. ಅರ್ಧ ಶಾಲೆಯ ಕೈಯಲ್ಲಿತ್ತು, ಅರ್ಧ ಮನೆಯ ಕೈಯಲ್ಲಿತ್ತು. ಎರಡು ತುಂಡುಗಳೂ ಒಂದೇ ಮೇಜಿನ ಸುತ್ತ ಕುಳಿತಿದ್ದವು, ಆದರೆ ಕೂಡಲಿಲ್ಲ. ಬ್ಯಾಂಕಿನ ಭದ್ರತಾ ಕೊಠಡಿಗೆ ಎರಡು ಕೀಲಿಗಳಿದ್ದು ಇಬ್ಬರೂ ಬಂದರೆ ಮಾತ್ರ ಬಾಗಿಲು ತೆರೆಯುವಂತೆ, ಮಗುವಿನ ಮನಸ್ಸಿನ ಬಾಗಿಲಿಗೂ ಎರಡು ಕೀಲಿಗಳಿವೆ ಎನ್ನಬಹುದು.

ಹೇಳಿದವನಿಗೇ ಪೆಟ್ಟು

ಕಂಡದ್ದನ್ನು ಹೇಳಿಬಿಟ್ಟರೆ ಸಾಕೇ? ಸಾಲದೆಂಬುದಕ್ಕೆ ತಿರುನಲ್ವೇಲಿ ಜಿಲ್ಲೆಯ ನಾಂಗುನೇರಿಯ ಪ್ರಕರಣ ಸಾಕ್ಷಿ. ಹನ್ನೆರಡನೆಯ ತರಗತಿಯಲ್ಲಿ ಓದುತ್ತಿದ್ದ ದಲಿತ ಹುಡುಗನೊಬ್ಬನಿಗೆ ಬೇರೆ ಜಾತಿಯ ಸಹಪಾಠಿಗಳು ಕಾಟ ಕೊಡುತ್ತಿದ್ದರು. ಅವನು ಶಾಲೆಗೆ ಹೋಗುವುದನ್ನು ನಿಲ್ಲಿಸಿದನು. ಇದೇ ದೊಡ್ಡ ಸೂಚನೆ. ಶಾಲೆಯವರು ಅದನ್ನು ಗಮನಿಸಿ ವಿಚಾರಿಸಿದರು, ದೂರು ದಾಖಲಾಯಿತು. 2023ರ ಆಗಸ್ಟ್ 9ರ ರಾತ್ರಿ ಹುಡುಗರ ಗುಂಪು ಅವನ ಮನೆಗೇ ನುಗ್ಗಿ ಅವನನ್ನೂ ತಡೆಯಲು ಬಂದ ತಂಗಿಯನ್ನೂ ಕತ್ತಿಯಿಂದ ಕಡಿಯಿತು. ಇಬ್ಬರೂ ಬದುಕಿ ಉಳಿದರು. ಅಂಥ ಗಾಯಗಳ ನಡುವೆಯೂ ಆ ಹುಡುಗ 2024ರ ಪರೀಕ್ಷೆಯಲ್ಲಿ 600ಕ್ಕೆ 469 ಅಂಕ ಪಡೆದು ಉತ್ತೀರ್ಣನಾದನು.

ಇಲ್ಲಿ ಮಗು ಹೇಳಿತು, ಶಾಲೆ ಕೇಳಿತು. ಆದರೆ ಹೇಳಿದವನ ಹೆಸರು ಹೊರಗೆ ತಿಳಿದಾಗ ಅವನನ್ನು ಕಾಯುವ ಏರ್ಪಾಡು ಇರಲಿಲ್ಲ. ದೂರು ಸ್ವೀಕರಿಸುವುದು ಎಷ್ಟು ಮುಖ್ಯವೋ ದೂರು ಕೊಟ್ಟವನನ್ನು ಅಂದೇ ರಕ್ಷಿಸುವುದು ಅಷ್ಟೇ ಮುಖ್ಯ. ಈ ಘಟನೆಯ ಬಳಿಕ ತಮಿಳುನಾಡು ಸರಕಾರವು ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಏಕಸದಸ್ಯ ಸಮಿತಿಯನ್ನು ನೇಮಿಸಿತು. 2024ರ ಜೂನ್‌ನಲ್ಲಿ ಅವರು ಕೊಟ್ಟ ವರದಿಯಲ್ಲಿ ಜಾತಿ ಸೂಚಿಸುವ ಬಣ್ಣದ ಕೈದಾರಗಳನ್ನು ನಿಷೇಧಿಸಬೇಕು, ಶಾಲೆಗಳ ಹೆಸರಿನಿಂದ ಜಾತಿಸೂಚಕ ಪದಗಳನ್ನು ತೆಗೆಯಬೇಕು, 500ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಾಲೆಗಳಲ್ಲಿ ಕ್ಷೇಮಾಧಿಕಾರಿಯೊಬ್ಬರನ್ನು ನೇಮಿಸಬೇಕು ಎಂಬ ಶಿಫಾರಸುಗಳಿವೆ. ಕೊನೆಯ ಶಿಫಾರಸಿನ ತಿರುಳು ಸರಳವಾದುದು. ಮಗು ಹೇಳಿಕೊಳ್ಳಲು ಒಬ್ಬ ಗೊತ್ತಾದ ವ್ಯಕ್ತಿ ಇರಬೇಕು. ಅವರು ಅಂಕ ಕೊಡುವವರಾಗಲೀ ಶಿಕ್ಷೆ ಕೊಡುವವರಾಗಲೀ ಆಗಿರಬಾರದು.

ಭಯಕ್ಕೆ ಭಾಷೆಯುಂಟು

ಇನ್ನು ನಮ್ಮ ಮನೆಗಳ ವಿಷಯಕ್ಕೆ ಬರೋಣ. ಕೊಯಮತ್ತೂರಿನ ಕನ್ನಡ ಮನೆಯ ಮಗುವಿಗೆ ಪಾಠದ ಉತ್ತರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ಹೆದರಿಕೆ ಬರುವುದು ಮಾತ್ರ ತಾಯಿಯ ಮಾತಿನಲ್ಲಿ. ರಕ್ಷಕ-ಶಿಕ್ಷಕ ಸಂಘದ ಸಭೆಗೆ ಹೋದ ಅಜ್ಜಿಯೋ ತಾಯಿಯೋ ಹಿಂದಿನ ಬೆಂಚಿನಲ್ಲಿ ಕುಳಿತು, ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಸಹಿ ಹಾಕಿ ಬರುತ್ತಾರೆ. ಶಾಲೆಯ ಅರ್ಧ ಸುದ್ದಿ ಅವರಿಗೆ ಮುಟ್ಟುವುದಿಲ್ಲ, ಮನೆಯ ಅರ್ಧ ಸುದ್ದಿ ಶಾಲೆಗೆ ಮುಟ್ಟುವುದಿಲ್ಲ. ಶಾಲೆಯ ಚೀಟಿಯನ್ನು ತಾಯಿಗೆ ಓದಿ ಹೇಳುವವನು ಆ ಮಗುವೇ ಆದಾಗ, ತನ್ನ ಮೇಲಿನ ದೂರನ್ನು ಅವನು ಹೇಗೆ ಓದಿಯಾನು?

ನಮ್ಮ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇನ್ನೂ ಉಳಿದಿವೆ. ಅಲ್ಲಿಯೂ ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗಳಿಗೆ ನೇಮಿಸಿದಾಗಲೆಲ್ಲ ಹೆತ್ತವರು, ವಿದ್ಯಾರ್ಥಿಗಳು ಪ್ರತಿಭಟಿಸಿದ್ದಾರೆ. ಅಂಥ ಪ್ರತಿಭಟನೆಗಳನ್ನು ಭಾಷಾಭಿಮಾನವೆಂದು ತಳ್ಳಿಹಾಕುವವರಿದ್ದಾರೆ. ಅವರಿಗೆ ಹೇಳಬೇಕಾದ ಮಾತೊಂದಿದೆ. ಗಣಿತವನ್ನು ಹೇಗೋ ಸನ್ನೆಯಲ್ಲಾದರೂ ಕಲಿಸಬಹುದು. ಆದರೆ "ಟೀಚರೇ, ಅವನು ನಾಳೆ ಏನೋ ತರುತ್ತಾನಂತೆ" ಎಂದು ಹತ್ತು ವರ್ಷದ ಮಗು ಪಿಸುಗುಟ್ಟಿದರೆ ಅದು ಅರ್ಥವಾಗುವ ಕಿವಿ ಬೇಕು. ಇದು ಮಲಯಾಳದ ಮೇಲಿನ, ತಮಿಳಿನ ಮೇಲಿನ ದೂರಲ್ಲ. ಕರ್ನಾಟಕದ ಶಾಲೆಯಲ್ಲಿ ಕುಳಿತ ಮಲಯಾಳಿ ಮಗುವಿಗೂ ತಮಿಳು ಮಗುವಿಗೂ ಇದೇ ಮಾತು ಸಲ್ಲುತ್ತದೆ.

ಭಯದ ಹೊತ್ತಿನಲ್ಲಿ ಸ್ವಂತ ಭಾಷೆಯ ಮಾತು ಎಷ್ಟು ಬೆಲೆಯುಳ್ಳದ್ದೆಂಬುದನ್ನು ತಿರುಪ್ಪೂರು 2023ರ ಮಾರ್ಚಿನಲ್ಲಿ ಕಂಡಿತು. ತಮಿಳುನಾಡಿನಲ್ಲಿ ಬಿಹಾರದ ಕೆಲಸಗಾರರನ್ನು ಹೊಡೆದು ಕೊಲ್ಲುತ್ತಿದ್ದಾರೆಂಬ ಸುಳ್ಳು ವಿಡಿಯೋಗಳು ಆಗ ಹಬ್ಬಿದವು. ಬನಿಯನ್ ಕಾರ್ಖಾನೆಗಳ ಆ ಊರಿನಲ್ಲಿ ದುಡಿಯುತ್ತಿದ್ದ ಉತ್ತರದ ಜನ ದಿಗಿಲುಗೊಂಡರು. ಪೊಲೀಸರೂ ಅಧಿಕಾರಿಗಳೂ ಹಿಂದಿಯಲ್ಲೇ ಅಭಯ ನೀಡಿದರು, ಸಹಾಯವಾಣಿ ತೆರೆದರು. ಬಿಹಾರದಿಂದ ಅಧಿಕಾರಿಗಳ ತಂಡವೂ ಬಂದು ನೋಡಿಹೋಯಿತು. ಸುಳ್ಳು ಅವರದೇ ಭಾಷೆಯಲ್ಲಿ ಬಂದಿತ್ತು, ನಿಜವೂ ಅದೇ ಭಾಷೆಯಲ್ಲಿ ಬರಬೇಕಾಯಿತು. ಶಾಲೆಗಳ ವಿಷಯದಲ್ಲೂ ಹೀಗೆಯೇ. 2023ರ ಡಿಸೆಂಬರ್ 1ರಂದು ಬೆಂಗಳೂರಿನ ನಲವತ್ತಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬಿದೆಯೆಂಬ ಇಮೇಲ್ ಬಂದಾಗ ಹೆತ್ತವರು ಗೇಟುಗಳಿಗೆ ಓಡಿದರು. ಅದು ಹುಸಿಯಾಗಿತ್ತು. 2024ರಲ್ಲಿ ಕೊಯಮತ್ತೂರಿಗೂ ಅಂಥ ಬೆದರಿಕೆ ಬಂತು. ಅಂಥ ಹೊತ್ತಿನಲ್ಲಿ ಶಾಲೆಯ ಪ್ರಕಟಣೆ ಅರ್ಥವಾಗದವನು ಬೀದಿಯ ಗಾಳಿಸುದ್ದಿಯನ್ನೇ ನಂಬುತ್ತಾನೆ.

ಯಾವುದು ಸೂಚನೆ, ಯಾವುದಲ್ಲ

ಮೊದಲು ಸೂಚನೆಯಲ್ಲದ್ದನ್ನು ಹೇಳಬೇಕು. ಮಾತು ಕಡಿಮೆಯಾದ ಮಗು, ಉಚ್ಚಾರ ಬೇರೆಯಾದ ಮಗು, ಆಟಕ್ಕೆ ಸೇರದ ಮಗು, ಕಪ್ಪು ಬಟ್ಟೆಯನ್ನು ಇಷ್ಟಪಡುವ ಮಗು, ಇವರಾರೂ ಅಪಾಯದ ಮಕ್ಕಳಲ್ಲ. ಅಲ್ಪಸಂಖ್ಯಾತ ಭಾಷೆಯ ಮಗು ತರಗತಿಯಲ್ಲಿ ಮೌನವಾಗಿರುವುದು ಸಹಜ. ಆ ಮೌನಕ್ಕೆ ಸಂಶಯದ ಮುದ್ರೆ ಒತ್ತುವುದು ಅನ್ಯಾಯ. ಇದರ ಇನ್ನೊಂದು ಮುಖವೂ ಇದೆ. ಕಾಟ ತಾಳಲಾರದೆ ಮೂಕವಾದ ಮಗುವನ್ನು "ಭಾಷೆ ಬರುವುದಿಲ್ಲ, ನಾಚಿಕೆ" ಎಂದು ಸುಮ್ಮನೆ ಬಿಡುವುದೂ ಅಷ್ಟೇ ಅನ್ಯಾಯ. ಇವೆರಡನ್ನು ಬೇರ್ಪಡಿಸಿ ನೋಡುವ ದಾರಿಯೆಂದರೆ ಬದಲಾವಣೆಯನ್ನು ಗಮನಿಸುವುದು. ಮೊದಲಿನಿಂದಲೂ ಮೌನಿಯಾದವನು ಬೇರೆ, ಆಟಿ ತಿಂಗಳವರೆಗೆ ಮಾತಾಡುತ್ತಿದ್ದು ನವರಾತ್ರಿಯ ಹೊತ್ತಿಗೆ ಬಾಯಿ ಮುಚ್ಚಿದವನು ಬೇರೆ.

ಇನ್ನು ನಿಜವಾದ ಸೂಚನೆಗಳು. ಒಬ್ಬರ ಹೆಸರು ಹೇಳಿ, ದಿನ ಹೇಳಿ ಬೆದರಿಸುವುದು. ಹಳೆಯ ದ್ವೇಷವನ್ನು ವಾರಗಟ್ಟಲೆ ಮೆಲುಕು ಹಾಕುವುದು. ಬೇರೆ ಕಡೆ ನಡೆದ ಹತ್ಯೆಗಳನ್ನು ಮೆಚ್ಚಿ ಮಾತಾಡುವುದು. ಆಯುಧ ಎಲ್ಲಿ ಸಿಗುತ್ತದೆಂದು ವಿಚಾರಿಸುವುದು. ಕಾರಣ ಹೇಳದೆ ಶಾಲೆಗೆ ಹೋಗಲು ನಿರಾಕರಿಸುವುದು. ಸಾಯುವ ಮಾತಾಡುವುದು, ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು. "ನಾಳೆ ನೀನು ಶಾಲೆಗೆ ಬರಬೇಡ" ಎಂದು ಗೆಳೆಯನಿಗೆ ಎಚ್ಚರಿಸುವುದು. ಇಂಥ ಮಾತಾಡಿದ ಮಕ್ಕಳಲ್ಲಿ ಹೆಚ್ಚಿನವರು ಯಾರಿಗೂ ಏನೂ ಮಾಡುವವರಲ್ಲ. ಆದುದರಿಂದ ಸೂಚನೆ ಕಂಡರೆ ಮೊದಲು ಮಾಡಬೇಕಾದುದು ಹತ್ತಿರ ಕುಳಿತು ಕೇಳುವುದು. ಹೊಡೆಯುವುದಲ್ಲ, ಹೊರಗೆ ಹಾಕುವುದಲ್ಲ. ಹೊರಹಾಕಿದ ಮಗು ನಮ್ಮ ಕಣ್ಣಿನಿಂದ ಮಾತ್ರ ದೂರವಾಗುತ್ತದೆ, ತನ್ನ ಸಿಟ್ಟಿನಿಂದ ಅಲ್ಲ. ಆದರೆ ಹೆಸರು, ದಿನ, ಆಯುಧ ಮೂರೂ ಕೂಡಿಬಂದರೆ ಕಾಯುವಂತಿಲ್ಲ. ಅದೇ ಗಳಿಗೆಯಲ್ಲಿ ಮುಖ್ಯೋಪಾಧ್ಯಾಯರಿಗೂ ಪೊಲೀಸರಿಗೂ ತಿಳಿಸಬೇಕು.

ಸಿದ್ಧತೆ

ಒಂದನೆಯದು, ಕೋವಿ. ಅಡಿಕೆ ತೋಟವಿರುವ ನಮ್ಮ ಅನೇಕ ಮನೆಗಳಲ್ಲಿ ಬೆಳೆ ರಕ್ಷಣೆಯ ಪರವಾನಿಗೆಯುಳ್ಳ ಕೋವಿಗಳಿವೆ. ಚುನಾವಣೆ ಬಂದಾಗ ಅವುಗಳನ್ನು ಠೇವಣಿ ಇಡುವ ಕ್ರಮ ನಮಗೆಲ್ಲ ತಿಳಿದುದೇ. ಮನೆಯಲ್ಲಿ ಮಕ್ಕಳಿರುವಷ್ಟು ಕಾಲವೂ ಅಂಥದೇ ಎಚ್ಚರ ಬೇಕು. ಕೋವಿ ಒಂದು ಬೀಗದೊಳಗೆ, ತೋಟೆ ಇನ್ನೊಂದು ಬೀಗದೊಳಗೆ, ಕೀಲಿ ಮಕ್ಕಳಿಗೆ ತಿಳಿಯದ ಕಡೆ ಇರಲಿ. ಗುರುಗಾಂವ, ಯಮುನಾನಗರ, ಆಕ್ಸ್‌ಫರ್ಡ್ ಮೂರೂ ಕಡೆ ಕೋವಿ ಮನೆಯಿಂದಲೇ ಹೋಗಿತ್ತು ಎಂಬುದನ್ನು ಮರೆಯಬಾರದು.

ಎರಡನೆಯದು, ಒಂದು ಹೆಸರು. ಶಾಲೆಯಲ್ಲಿ ಏನಾದರೂ ಆದರೆ ಯಾರಿಗೆ ಹೇಳುತ್ತೀ ಎಂದು ಮಗುವನ್ನು ಕೇಳಿ ನೋಡಿ. ಒಂದು ಹೆಸರನ್ನು ಥಟ್ಟನೆ ಹೇಳಿದರೆ ಒಳ್ಳೆಯದು. ಹೇಳದಿದ್ದರೆ ಅದನ್ನು ಹುಡುಕಿಕೊಡುವುದು ನಮ್ಮ ಕೆಲಸ. ಕನ್ನಡ ಬಲ್ಲ ಅಧ್ಯಾಪಕರೋ ಅಡುಗೆಯವರೋ ಹಿರಿಯ ವಿದ್ಯಾರ್ಥಿಯೋ ಇದ್ದರೆ ಇನ್ನೂ ಒಳ್ಳೆಯದು. ಗೆಳೆಯನ ವಿಷಯ ಹೇಳುವುದು ಚಾಡಿಯಲ್ಲ, ಅವನನ್ನೂ ಉಳಿಸುವ ಕೆಲಸ ಎಂದು ಮಕ್ಕಳಿಗೆ ತಿಳಿಹೇಳಬೇಕು.

ಮೂರನೆಯದು, ಸಭೆ. ರಕ್ಷಕ-ಶಿಕ್ಷಕ ಸಭೆಗೆ ಹೋಗುವಾಗ ಭಾಷೆ ಬಲ್ಲ ನೆರೆಯವರೊಬ್ಬರನ್ನು ಕರೆದುಕೊಂಡು ಹೋಗಬೇಕು. ಮಗುವನ್ನೇ ದುಭಾಷಿಯಾಗಿ ನಿಲ್ಲಿಸಬಾರದು. ಕೊಯಮತ್ತೂರು, ತಿರುಪ್ಪೂರುಗಳ ಕನ್ನಡ ಸಂಘಟನೆಗಳು ರಾಜ್ಯೋತ್ಸವದ ಜೊತೆಗೆ ಈ ಸೇವೆಯನ್ನೂ ಕೈಗೆತ್ತಿಕೊಂಡರೆ ಭಾಷೆಗೂ ಮಕ್ಕಳಿಗೂ ಉಪಕಾರವಾಗುತ್ತದೆ.

ನಾಲ್ಕನೆಯದು, ದೂರವಾಣಿ. ತಮಿಳುನಾಡಿನ ಶಿಕ್ಷಣ ಇಲಾಖೆಯ ಸಹಾಯವಾಣಿ 14417, ಮಕ್ಕಳ ಸಹಾಯವಾಣಿ 1098, ತುರ್ತು ಕರೆ 112. ಇವುಗಳಿಗಿಂತ ಕಡಿಮೆ ಜನ ಬಲ್ಲುದು 14416. ಇದು 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸೇವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇದರ ಮೇಲ್ವಿಚಾರಣೆ ನೋಡಿಕೊಳ್ಳುತ್ತದೆ. ಕರೆ ಮಾಡುವವರು ಭಾಷೆ ಆರಿಸಿಕೊಳ್ಳಬಹುದು, ಅವುಗಳಲ್ಲಿ ಕನ್ನಡವೂ ಮಲಯಾಳವೂ ಇವೆ. ಮಗನ ಸಿಟ್ಟನ್ನು ಕಂಡು ಕಂಗಾಲಾದ ತಾಯಿ ತನ್ನ ಮಾತಿನಲ್ಲೇ ಅದನ್ನು ಹೇಳಿಕೊಳ್ಳಬಹುದೆಂಬುದು ಸಣ್ಣ ಸಂಗತಿಯಲ್ಲ.

ಐದನೆಯದು, ಅಭ್ಯಾಸ. ಬೆಂಕಿಗಾದರೂ ದಾಳಿಗಾದರೂ ಶಾಲೆಗೆ ಎರಡು ದಾರಿಗಳು ತಿಳಿದಿರಬೇಕು, ಹಾಜರಿ ಪಟ್ಟಿಯ ಪ್ರತಿ ಎರಡು ಕಡೆ ಇರಬೇಕು, ಒಳಗಿನಿಂದ ಚಿಲಕ ಹಾಕಬಹುದಾದ ಬಾಗಿಲುಗಳಿರಬೇಕು. ದಾರಿ ತೆರೆದಿದ್ದರೆ ಹೊರಗೆ ಓಡುವುದು, ಇಲ್ಲದಿದ್ದರೆ ಬಾಗಿಲು ಭದ್ರಪಡಿಸಿ, ಕಿಟಕಿಯಿಂದ ದೂರ, ಸದ್ದಿಲ್ಲದೆ ಕೂರುವುದು. ಸಣ್ಣ ಮಕ್ಕಳಿಗೆ ಕೋವಿಯ ಕಥೆ ಹೇಳಿ ಹೆದರಿಸುವ ಅಗತ್ಯವಿಲ್ಲ. "ಟೀಚರು ಹೇಳಿದಾಗ ಸಾಲಾಗಿ ಹೋಗಬೇಕು" ಎಂದರೆ ಸಾಕು. ಹೆತ್ತವರೂ ಒಂದು ಅಭ್ಯಾಸ ಮಾಡಬೇಕು. ಸುದ್ದಿ ಬಂದೊಡನೆ ಗೇಟಿಗೆ ಮುತ್ತಿಗೆ ಹಾಕದೆ ಶಾಲೆ ಮೊದಲೇ ಗೊತ್ತುಮಾಡಿದ ಜಾಗದಲ್ಲಿ ನಿಲ್ಲುವುದು. ಗೇಟು ಕಟ್ಟಿಕೊಂಡರೆ ಆಂಬುಲೆನ್ಸು ಒಳಗೆ ಹೋಗಲಾರದು.

ಕೊಯಮತ್ತೂರಿನ ಅಕ್ಕ ತಮ್ಮಂದಿರು, ನಾಂಗುನೇರಿಯ ಅಣ್ಣ ತಂಗಿಯರು, ಕಾಡುಗೋಡಿಯ ಹುಡುಗಿಯರು ಯಾವ ಭಾಷೆಯವರೆಂದು ನಾವು ಕೇಳಬೇಕಾಗಿಲ್ಲ. ಅವರೆಲ್ಲ ಬೆಳಿಗ್ಗೆ ಚೀಲ ಹೊತ್ತು ಹೊರಟ ಮಕ್ಕಳು. ಕನ್ನಡವನ್ನು ಉಳಿಸಬೇಕೆಂದು ನಾವು ಗಡಿಯ ಈಚೆ ಆಚೆ ಎಪ್ಪತ್ತು ವರ್ಷಗಳಿಂದ ಸಭೆ ನಡೆಸುತ್ತ ಬಂದಿದ್ದೇವೆ. ಸಂಜೆ ಮನೆಗೆ ಬಂದ ಮಗುವಿನೊಡನೆ ಅದೇ ಕನ್ನಡದಲ್ಲಿ ಕಾಲು ಗಂಟೆ ಕುಳಿತು "ಇವತ್ತು ಶಾಲೆಯಲ್ಲಿ ಏನಾಯಿತು?" ಎಂದು ಕೇಳಿ, ಅದು ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳೋಣ. ಭಾಷೆ ಉಳಿಯುವುದೂ ಹಾಗೆಯೇ, ಮಕ್ಕಳು ಉಳಿಯುವುದೂ ಹಾಗೆಯೇ.